ಮಗಳಿಗೆ ನವೋದಯ ಬರೆಸಬೇಕು, ಎಲ್ಲಿಂದ ಶುರು ಮಾಡೋದು?

ಹೊಸನಗರದ ಅಮ್ಮ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿವಮೊಗ್ಗ ಜಿಲ್ಲೆ, ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು, ಬರುವ ಜೂನ್‌ಗೆ ಐದು. ಮೊನ್ನೆ ಟೀಚರ್ ಕರೆದು "ಇವಳಿಗೆ ನವೋದಯ ಬರೆಸಿ, ಸುಮ್ನೆ ಬಿಡಬೇಡಿ" ಎಂದರು. ಅದು ಕೇಂದ್ರ ಸರ್ಕಾರದ ಹಾಸ್ಟೆಲ್ ಶಾಲೆ, ಆರನೇ ಕ್ಲಾಸಿಗೆ ಸೇರೋಕೆ ಐದರಲ್ಲಿ ಪ್ರವೇಶ ಪರೀಕ್ಷೆ ಬರೀಬೇಕಂತೆ.

ಹುಡುಗಿ ಚುರುಕು ಅಂತ ನಮಗೂ ಗೊತ್ತು. ಈಗ ಅಡಿಕೆ ಸುಲಿತ ನಡೀತಿದೆ. ಸುಲಿಯುವವರಿಗೆ ಡಬ್ಬದ ಲೆಕ್ಕದಲ್ಲಿ ಕೂಲಿ. ಯಾರು ಎಷ್ಟು ಡಬ್ಬ ಸುಲಿದರು ಅಂತ ಇವರಪ್ಪ ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತಾರೆ. ಹೋದ ವಾರ ಬಟವಾಡೆ ದಿನ ಇವಳು ಪಕ್ಕದಲ್ಲಿ ಕೂತು ನೋಡ್ತಿದ್ದಳು. "ಅಪ್ಪಾ, ಸಿಪ್ಪೆ ರಾಶಿ ಎರಡೂ ಕಡೆ ಒಂದೇ ಎತ್ತರ ಇದೆ, ಆ ಅಜ್ಜಿಗೆ ಮಾತ್ರ ಒಂದು ಡಬ್ಬ ಕಮ್ಮಿ ಬರೆದಿದೀರಿ" ಎಂದಳು. ನೋಡಿದರೆ ಹೌದು, ಬಿಟ್ಟುಹೋಗಿತ್ತು.

ನನ್ನ ಪ್ರಶ್ನೆಗಳು: ಕೋಚಿಂಗ್ ಬೇಕೇ ಬೇಕಾ? ಶಿವಮೊಗ್ಗದಲ್ಲಿ ಒಬ್ಬರು ಹಾಸ್ಟೆಲ್ ಸಮೇತ 45 ಸಾವಿರ ಹೇಳಿದರು. ಹಳ್ಳಿ ಮಕ್ಕಳಿಗೆ ಸೀಟು ಜಾಸ್ತಿ ಅಂತಾರೆ, ನಿಜನಾ? ನಾವು ಪಕ್ಕಾ ಹಳ್ಳಿಯವರು. ಇವಳನ್ನ ಮೂರನೇ ಕ್ಲಾಸಿಗೆ ಪೇಟೆ ಕಾನ್ವೆಂಟಿಗೆ ಹಾಕಿದ್ದೆವು. ವ್ಯಾನಿನಲ್ಲಿ ದಿನಾ ವಾಂತಿ. ಒಂದೆರಡು ತಿಂಗಳಿಗೇ ಬಿಡಿಸಿ ಊರ ಶಾಲೆಗೆ ವಾಪಸ್ ತಂದೆವು. ಕೊನೆಯದಾಗಿ, ಹತ್ತು ವರ್ಷದ ಹೆಣ್ಣುಮಗುವನ್ನ ಹಾಸ್ಟೆಲಿಗೆ ಕಳಿಸೋದು ಇವರಿಗೂ ಅತ್ತೆಗೂ ಸುತರಾಂ ಇಷ್ಟವಿಲ್ಲ. ಕಳಿಸಿದವರು ಹೇಳಿ.

ಹಳೇ ಟ್ರಂಕು

ಅಕ್ಕಾ, ನಾನು ನವೋದಯದಲ್ಲಿ ಆರರಿಂದ ಹನ್ನೆರಡರ ತನಕ ಓದಿದವನು. ಪರೀಕ್ಷೆ ಹೇಗಿರುತ್ತೆ ಅಂತ ಮೊದಲು ಹೇಳ್ತೀನಿ, ಯಾಕಂದ್ರೆ ಬಹಳ ಜನ ಐದನೇ ಕ್ಲಾಸಿನ ಪುಸ್ತಕ ಬಾಯಿಪಾಠ ಮಾಡಿಸಿ ಕಳಿಸುತ್ತಾರೆ.

80 ಪ್ರಶ್ನೆ, 100 ಅಂಕ, ಎರಡು ಗಂಟೆ. ಅದರಲ್ಲಿ ಅರ್ಧ, ಅಂದರೆ 40 ಪ್ರಶ್ನೆ 50 ಅಂಕ, ಬರೀ ಚಿತ್ರಗಳು. ಮಾನಸಿಕ ಸಾಮರ್ಥ್ಯ ಅಂತಾರೆ. ಗುಂಪಿಗೆ ಸೇರದ ಚಿತ್ರ ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತೆ, ಕಾಗದ ಮಡಚಿ ತೂತು ಮಾಡಿ ಬಿಚ್ಚಿದರೆ ತೂತು ಎಲ್ಲೆಲ್ಲಿ ಬರುತ್ತೆ, ಇಂಥವು. ಓದಬೇಕಾದ ಅಕ್ಷರ ಹೆಚ್ಚುಕಮ್ಮಿ ಇರೋದೇ ಇಲ್ಲ. ಉಳಿದದ್ದು ಗಣಿತ 20, ಭಾಷೆ 20. ಭಾಷೆ ಅಂದರೆ ಸಣ್ಣ ಗದ್ಯ ಕೊಟ್ಟು ಅದರ ಮೇಲೆ ಪ್ರಶ್ನೆ. ಕನ್ನಡದಲ್ಲೇ ಬರೆಯಬಹುದು. ತಪ್ಪು ಉತ್ತರಕ್ಕೆ ಅಂಕ ಕಳೆಯೋದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು. ಆದರೆ ಮೂರೂ ಭಾಗದಲ್ಲಿ ಬೇರೆ ಬೇರೆಯಾಗಿ ಪಾಸಾಗಬೇಕು. ಚಿತ್ರದಲ್ಲಿ 50ಕ್ಕೆ 50 ತೆಗೆದು ಗಣಿತದಲ್ಲಿ ಮಕಾಡೆ ಮಲಗಿದರೆ ಆಗಲ್ಲ.

ಒಂದೇ ಸಲ ಬರೆಯೋಕೆ ಅವಕಾಶ. ಮತ್ತೊಮ್ಮೆ ಇಲ್ಲ. ಅರ್ಜಿಗೆ ಒಂದು ರೂಪಾಯಿ ಶುಲ್ಕವೂ ಇಲ್ಲ, ಸೈಬರ್ ಸೆಂಟರಿನವನಿಗೆ ಕೊಡೋದು ಬಿಟ್ಟರೆ.

ಸರ್ಜಾಪುರ ರೋಡ್

ಮಧ್ಯೆ ಬಾಯಿ ಹಾಕ್ತೀನಿ, ಕ್ಷಮಿಸಿ. ನಾವು ಬೆಂಗಳೂರಲ್ಲಿದ್ದೇವೆ. ಮಗನಿಗೆ ಕ್ಲಾಸಲ್ಲಿ ಬೋರ್ ಆಗುತ್ತೆ, ಎಲ್ಲ ಮೊದಲೇ ಗೊತ್ತಿರುತ್ತೆ. ನಮ್ಮಕ್ಕ ನ್ಯೂಜೆರ್ಸಿಯಲ್ಲಿದ್ದಾಳೆ, ಅಲ್ಲಿನ ಸರ್ಕಾರಿ ಶಾಲೆಯಲ್ಲೇ ಅವಳ ಮಗನನ್ನ ವಾರಕ್ಕೆ ಎರಡು ಸಲ ಬೇರೆ ರೂಮಿಗೆ ಕರ್ಕೊಂಡು ಹೋಗಿ ಕಷ್ಟದ ಲೆಕ್ಕ ಮಾಡಿಸ್ತಾರಂತೆ. ಸಂಜೆ ಮನೆಗೆ ವಾಪಸ್. ನಮ್ಮಲ್ಲಿ ಹಾಗೇನೂ ಇಲ್ವಾ? ನವೋದಯಕ್ಕೆ ನಮ್ಮಂಥ ಸಿಟಿಯವರು ಅರ್ಜಿ ಹಾಕಬಹುದಾ?

ಹಳೇ ಟ್ರಂಕು

ಹಾಕಬಹುದು ಸರ್. ಒಂದು ಶಾಲೆಗೆ ಹೆಚ್ಚೆಂದರೆ 80 ಸೀಟು. ಕನಿಷ್ಠ ನೂರಕ್ಕೆ 75 ಭಾಗ, ಅಂದರೆ 80ರಲ್ಲಿ 60, ಹಳ್ಳಿ ಮಕ್ಕಳಿಗೆ. ಉಳಿದ 20ರಲ್ಲಿ ಸಿಟಿ ಮಕ್ಕಳು. ಆ 20 ಕೂಡ ಸಿಟಿಗೇ ಮೀಸಲಲ್ಲ, ಮೆರಿಟ್ ಇದ್ದರೆ ಹಳ್ಳಿ ಮಗುವೂ ಅಲ್ಲಿಗೆ ಬರುತ್ತೆ. ಇದರೊಳಗೇ ಎಸ್‌ಸಿ, ಎಸ್‌ಟಿ, ಒಬಿಸಿ, ಅಂಗವಿಕಲ ಮಕ್ಕಳ ಮೀಸಲಾತಿ, ಹೆಣ್ಣುಮಕ್ಕಳಿಗೆ ಮೂರರಲ್ಲೊಂದು ಭಾಗ. ಲೆಕ್ಕ ನೀವೇ ಹಾಕಿಕೊಳ್ಳಿ.

ಮತ್ತೆ, ಸಂಜೆ ಮನೆಗೆ ವಾಪಸ್ ಅನ್ನೋದು ಇಲ್ಲಿಲ್ಲ. ಆರನೇ ಕ್ಲಾಸಿಗೆ ಟ್ರಂಕು ತಗೊಂಡು ಹೋದರೆ ಮನೆಗೆ ಬರೋದು ರಜೆಗೆ.

ನಲಿಕಲಿ ಮೇಷ್ಟ್ರು

ಹೊಸನಗರದ ತಾಯಿಯವರೇ, ನಾನು ಸರ್ಕಾರಿ ಪ್ರಾಥಮಿಕ ಶಾಲೆ ಶಿಕ್ಷಕ. ನಮ್ಮ ಶಾಲೆಯ ಮಕ್ಕಳಿಗೆ ವರ್ಷಾ ವರ್ಷಾ ಅರ್ಜಿ ಹಾಕಿಸ್ತೀನಿ. ನಿಮ್ಮ ಪೋಸ್ಟಿನಲ್ಲಿ ಒಂದು ಸಾಲು ಓದಿ ನನಗೆ ಗಂಟಲು ಕಟ್ಟಿತು. ಬೇರೆ ಯಾರೂ ಗಮನಿಸಲಿಲ್ಲ ಅಂತ ಕಾಣುತ್ತೆ. ಮೂರನೇ ಕ್ಲಾಸಿನಲ್ಲಿ ಪೇಟೆ ಕಾನ್ವೆಂಟು ಎಂದಿರಿ.

ಗ್ರಾಮೀಣ ಅಂದರೆ ನೀವು ವಾಸ ಇರುವ ಊರಲ್ಲ. ಮಗು ಓದಿದ ಶಾಲೆ ನಿಂತಿರುವ ಜಾಗ. ಮೂರು, ನಾಲ್ಕು, ಐದು, ಈ ಮೂರೂ ವರ್ಷ ಪೂರ್ತಿ ಹಳ್ಳಿ ಶಾಲೆಯಲ್ಲೇ ಓದಿರಬೇಕು. ಆ ಮೂರು ವರ್ಷದಲ್ಲಿ ಒಂದೇ ಒಂದು ದಿನ ನಗರ ಪ್ರದೇಶದ ಶಾಲೆಯಲ್ಲಿ ಓದಿದ್ದರೂ ಮಗುವನ್ನ ನಗರದ ಅಭ್ಯರ್ಥಿ ಅಂತಲೇ ಲೆಕ್ಕ ಹಿಡಿಯುತ್ತಾರೆ. ನಾನು ಒತ್ತಿ ಹೇಳೋಕೆ ಸೇರಿಸಿದ ಮಾತಲ್ಲ ಇದು, ಪ್ರಾಸ್ಪೆಕ್ಟಸ್‌ನಲ್ಲೇ ಒಂದು ದಿನ ಅಂತ ಬರೆದಿದೆ. ಹೊಸನಗರ ಪೇಟೆ ಪಟ್ಟಣ ಪಂಚಾಯಿತಿ. ಅಂದರೆ ನಗರ. ನಿಮ್ಮ ಮಗಳ ಟಿಸಿಯಲ್ಲಿ ದಿನಾಂಕ ನೋಡಿ.

ಹೊಸನಗರದ ಅಮ್ಮ

ಸರ್, ಕೈಕಾಲು ತಣ್ಣಗಾಯ್ತು. ಬರೀ ವಾಂತಿ ಮಾಡ್ಕೊಂಡು ಹೋಗಿಬಂದದ್ದಕ್ಕೆ ಇದಾ? ನಾವು ಸಗಣಿ ಬಾಚೋ ಜನ, ನಗರದವರು ಹೇಗಾಗ್ತೀವಿ?

ನಲಿಕಲಿ ಮೇಷ್ಟ್ರು

ಆಗ್ತೀರಿ ತಾಯಿ, ಕಾಗದದ ಮೇಲೆ.

ಇನ್ನೊಂದು ಮಾತು ಈಗಲೇ ಹೇಳಿಬಿಡ್ತೀನಿ. "ಹೆಡ್‌ಮಾಸ್ಟರ್ ಹತ್ರ ಹೇಳಿ ಮೂರನೇ ಕ್ಲಾಸು ಪೂರ್ತಿ ಇಲ್ಲೇ ಅಂತ ಬರೆಸಿಕೊಳ್ಳಿ" ಅಂತ ಯಾರಾದರೂ ಕಿವಿಯಲ್ಲಿ ಊದುತ್ತಾರೆ. ಹಾಗೆ ಮಾಡಬೇಡಿ. ಈಗ ಪ್ರತಿ ಮಗುವಿಗೂ ಎಸ್‌ಎಟಿಎಸ್ ನಂಬರ್ ಇದೆ, ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯದು. ಯಾವ ಶಾಲೆಯಿಂದ ಯಾವ ಶಾಲೆಗೆ ಯಾವಾಗ ಬಂತು ಅನ್ನೋದು ಅದರಲ್ಲಿ ಕೂತಿರುತ್ತೆ. ಸೀಟು ಸಿಕ್ಕಿ ದಾಖಲೆ ನೋಡುವಾಗ ಸಿಕ್ಕಿಹಾಕಿಕೊಂಡರೆ ಮಗು ಸೀಟು ಕಳೆದುಕೊಳ್ಳುತ್ತೆ, ಸಹಿ ಹಾಕಿದವರ ಕೆಲಸಕ್ಕೂ ಕುತ್ತು.

ವಿಜಯಪುರದ ಅಪ್ಪ

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ಖರೆ. ನಮ್ಮದೂ ಅಂಥದೇ ಕಥೆ, ಬ್ಯಾರೆ ಥರ. ನಮ್ಮ ಮನಿ ವಿಜಯಪುರ ಜಿಲ್ಲೆಯ ಅಂಚಿನಾಗ ಐತಿ. ಹೊಲ ದಾಟಿದರ ಬಾಗಲಕೋಟಿ. ಮಗ ಓದಿದ್ದು ಆ ಕಡೆ ಶಾಲೆ, ಅದೇ ಹತ್ತಿರ ಅಂತ. ಅರ್ಜಿ ಹಾಕಿದ್ದು ಈ ಕಡೆಯಿಂದ. ಲಿಸ್ಟಿನಾಗ ಹೆಸರು ಬಂತು. ಊರಿಗೆಲ್ಲ ಪೇಡೆ ಹಂಚಿದೆ.

ದಾಖಲೆ ತಗೊಂಡು ಹೋದರ, ಮನಿ ಒಂದು ಜಿಲ್ಲಾ, ಐದನೇ ಕ್ಲಾಸಿನ ಶಾಲೆ ಇನ್ನೊಂದು ಜಿಲ್ಲಾ, ಆಗೂದಿಲ್ಲ ಅಂದರು. ಎರಡೂ ಒಂದೇ ಜಿಲ್ಲೆಯೊಳಗ ಇರಬೇಕಂತ. ಅರ್ಜಿ ತುಂಬಿಕೊಟ್ಟವನಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಹುಡುಗ ವಾಪಸ್ ಬರುವಾಗ ಬಸ್ಸಿನಾಗ ಒಂದು ಮಾತೂ ಆಡಲಿಲ್ಲ. ಪೇಡೆ ತಿಂದವರು ಇನ್ನೂ ಕೇಳತಾರ, "ಮಗ ನವೋದಯದಾಗ ಅದಾನಲ್ರೀ?" ಅಂತ.

ಕುಂದಾಪುರ ಚಿಕ್ಕಮ್ಮ

ವಯಸ್ಸಿನ ಲೆಕ್ಕಾನೂ ನೋಡಿಕೊಳ್ಳಿ ಎಲ್ಲರೂ. 2026ರ ಪ್ರವೇಶಕ್ಕೆ 2014ರ ಮೇ 1ರಿಂದ 2016ರ ಜುಲೈ 31ರ ಒಳಗೆ ಹುಟ್ಟಿದವರಿಗೆ ಮಾತ್ರ ಅವಕಾಶ ಇತ್ತು. ನಮ್ಮಕ್ಕನ ಮಗಳು ಆಗಸ್ಟ್ ಮೊದಲ ವಾರ ಹುಟ್ಟಿದ್ದು. ಬೇಗ ಬೇಗ ಶಾಲೆಗೆ ಸೇರಿಸಿದ್ದೇ ತಪ್ಪಾಯ್ತು. ಮುಂದಿನ ವರ್ಷ ಬರೆಸೋಣ ಅಂದರೆ ಆಗ ಅವಳು ಆರನೇ ಕ್ಲಾಸು. ಐದರಲ್ಲಿ ಓದುತ್ತಿರಬೇಕು ಅನ್ನೋದು ನಿಯಮ.

ಲೆಕ್ಕದ ಟೀಚರ್

ಕೋಚಿಂಗ್ ಬಗ್ಗೆ ಯಾರೂ ಹೇಳಲಿಲ್ಲ. 45 ಸಾವಿರ ಇಟ್ಟುಕೊಳ್ಳಿ, ಅಡಿಕೆ ಕೊಯ್ಲಿಗೆ ಆಗುತ್ತೆ.

ನಾನು ಮಾಡಿಸೋದು ಹೀಗೆ. ಹಳೇ ಕ್ಯಾಲೆಂಡರ್ ಹಾಳೆಗಳನ್ನ ಚೌಕ ಕತ್ತರಿಸಿ ಇಟ್ಟುಕೊಳ್ತೀನಿ. ಒಂದು ಹಾಳೆ ಎರಡು ಮಡಿಕೆ ಮಡಚಿ ಮೂಲೆಯಲ್ಲಿ ತೂತು ಹಾಕ್ತೀನಿ. ಬಿಚ್ಚೋ ಮೊದಲು ಮಗು ತನ್ನ ಸ್ಲೇಟಿನಲ್ಲಿ ತೂತು ಎಲ್ಲೆಲ್ಲಿ ಅಂತ ಚುಕ್ಕಿ ಇಡಬೇಕು. ಆಮೇಲೆ ಬಿಚ್ಚಿ ನೋಡೋದು. ಮೊದಲ ವಾರ ಎಲ್ಲ ಮಕ್ಕಳೂ ಒಂದೇ ತಪ್ಪು ಮಾಡ್ತಾರೆ, ತೂತು ಎಷ್ಟು ಅಂತ ಸರಿಯಾಗಿ ಎಣಿಸ್ತಾರೆ, ಜಾಗ ತಪ್ಪುತ್ತೆ. ಮಡಿಕೆಯ ಗೆರೆ ಕನ್ನಡಿ ಇದ್ದ ಹಾಗೆ ಅಂತ ಹೊಳೆಯೋ ತನಕ ಹಾಗೇ. ಹೊಳೆದ ದಿನ ಮುಖ ನೋಡಬೇಕು ನೀವು. ಆಮೇಲೆ ಚಿತ್ರದ ಪುಸ್ತಕದಲ್ಲಿ ಆ ಪ್ರಶ್ನೆ ಬಂದರೆ ಕಾಗದವೇ ಬೇಡ.

ಕನ್ನಡಿಗೂ ಹಾಗೇ. ಮುಖ ನೋಡೋ ಸಣ್ಣ ಕನ್ನಡಿಯನ್ನ ಪೇಪರಿನ ಹೆಡ್‌ಲೈನ್ ಪಕ್ಕ ಹಿಡಿಯಿರಿ. ಒಂದು ಸಲ ಬಲಗಡೆ, ಒಂದು ಸಲ ಕೆಳಗಡೆ.

ಗಣಿತದಲ್ಲಿ ಕಾನ್ವೆಂಟ್ ಮಕ್ಕಳಿಗೆ ಒಂದು ತೊಡಕಿದೆ. ಕೆಲವರು ಅರ್ಜಿಯಲ್ಲಿ ಪರೀಕ್ಷೆಯ ಭಾಷೆ ಕನ್ನಡ ಅಂತ ಹಾಕಿಬಿಡ್ತಾರೆ. ಪೇಪರ್ ತೆರೆದರೆ ಲ.ಸಾ.ಅ., ಮ.ಸಾ.ಅ., ದಶಮಾಂಶ, ಸುತ್ತಳತೆ. ಲೆಕ್ಕ ಬರುತ್ತೆ, ಏನು ಕೇಳಿದ್ದಾರೆ ಅಂತ ಗೊತ್ತಾಗಲ್ಲ. ನಿಮ್ಮ ಮಗಳಿಗೆ ಆ ತೊಂದರೆ ಇಲ್ಲ.

ಇನ್ನು ಓಎಂಆರ್ ಹಾಳೆ, ಅಂದರೆ ಉತ್ತರ ಗುರುತು ಮಾಡೋ ಹಾಳೆ. ಇದನ್ನ ಯಾರೂ ಅಭ್ಯಾಸ ಮಾಡಿಸಲ್ಲ. ನೀಲಿ ಅಥವಾ ಕಪ್ಪು ಬಾಲ್ ಪೆನ್ನಿನಲ್ಲೇ ವೃತ್ತ ತುಂಬಬೇಕು. ಪೆನ್ಸಿಲ್ ಇಲ್ಲ, ಅಳಿಸೋ ಹಾಗಿಲ್ಲ. ನಾಲ್ಕನೇ ಕ್ಲಾಸಿನ ತನಕ ಪೆನ್ಸಿಲ್ ಹಿಡಿದು ರಬ್ಬರಿನಲ್ಲಿ ಉಜ್ಜುತ್ತಾ ಬೆಳೆದ ಮಗು ಅದು! ಒಂದು ವೃತ್ತ ತಪ್ಪಿದರೆ ಅಳು ಬರುತ್ತೆ, ಅಳುವಿನಲ್ಲಿ ಮುಂದಿನ ಐದು ಪ್ರಶ್ನೆ ಹೋಗುತ್ತೆ. ನಾನು ಬಳೆ ಅಂಗಡಿಯ ಬಿಂದಿ ಇಟ್ಟು ಅದರ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಸಿ, ಆ ವೃತ್ತವನ್ನ ಪೆನ್ನಿನಲ್ಲಿ ತುಂಬಿಸ್ತಿದ್ದೆ. ಈಗ ಝೆರಾಕ್ಸ್ ಅಂಗಡಿಯಲ್ಲೇ ಖಾಲಿ ಓಎಂಆರ್ ಸಿಗುತ್ತೆ.

ದಿನಕ್ಕೆ ಒಂದು ಗಂಟೆ ಸಾಕು. ಜಾಸ್ತಿ ಕೂರಿಸಿದರೆ ಚಿತ್ರ ನೋಡಿದರೇ ಓಡಿಹೋಗ್ತಾರೆ.

ಗುಂಡ್ಲುಪೇಟೆ ಗೆಣಸು

ಟೀಚರ್ ಹೇಳಿದ್ದು ಚೆಂದ ಇದೆ. ಆದರೆ ಎಲ್ಲ ಊರಲ್ಲೂ ಇಂಥ ಟೀಚರ್ ಎಲ್ಲಿದಾರೆ? ನಮ್ಮ ಕಡೆ ಐದನೇ ಕ್ಲಾಸಿಗೆ ಶಾಲೆಯನ್ನೇ ಬಿಡಿಸಿ ವರ್ಷಪೂರ್ತಿ ಕೋಚಿಂಗಿಗೆ ಹಾಕ್ತಾರೆ, ಹೆಸರು ಮಾತ್ರ ಹಳ್ಳಿ ಶಾಲೆಯ ಹಾಜರಿಯಲ್ಲಿ. ದುಡ್ಡಿದ್ದವರ ಮಕ್ಕಳೇ ಗ್ರಾಮೀಣ ಸೀಟಿಗೂ ಬರ್ತಿದ್ದಾರೆ. 1986ರ ಶಿಕ್ಷಣ ನೀತಿಯಲ್ಲಿ ಇದನ್ನ ತಂದಿದ್ದು ಯಾರಿಗೆ? ಹಳ್ಳಿಯ ಜಾಣ ಮಕ್ಕಳಿಗೆ ದುಡ್ಡು ಅಡ್ಡ ಬರಬಾರದು ಅಂತ ಅಲ್ವಾ?

ಹಳೇ ಟ್ರಂಕು

ಅಣ್ಣಾ, ಒಪ್ಪಿದೆ. ಆದರೂ ನನ್ನ ಬ್ಯಾಚಿನಲ್ಲಿ ಕುರಿ ಕಾಯುವವರ ಮಗ, ಬ್ಯಾಂಕ್ ಮ್ಯಾನೇಜರ್ ಮಗ ಒಂದೇ ಸಾಲಲ್ಲಿ ತಟ್ಟೆ ಹಿಡಿದು ನಿಲ್ತಿದ್ದೆವು. ಊಟ, ಬಟ್ಟೆ, ಪುಸ್ತಕ, ಸೋಪಿನ ತನಕ ಅಲ್ಲೇ. ಒಂಬತ್ತರಿಂದ ತಿಂಗಳಿಗೆ 600 ರೂಪಾಯಿ ವಿಕಾಸ ನಿಧಿ ಅಂತ ಕಟ್ಟಬೇಕು, ಅದೂ ಹೆಣ್ಣುಮಕ್ಕಳಿಗೆ, ಎಸ್‌ಸಿ, ಎಸ್‌ಟಿ, ಬಿಪಿಎಲ್ ಮನೆಯವರಿಗೆ ಇಲ್ಲ. ಅಪ್ಪ ಅಮ್ಮ ಸರ್ಕಾರಿ ನೌಕರರಾದರೆ ಲೆಕ್ಕ ಬೇರೆ. ಎಲ್ಲ ರಾಜ್ಯಕ್ಕೂ ಈ ಭಾಗ್ಯ ಇಲ್ಲ. ಹಿಂದಿ ವಿಷಯಕ್ಕೆ ತಮಿಳುನಾಡು ಬೇಡ ಅಂದಿತು, ಅಲ್ಲಿ ಇವತ್ತಿಗೂ ಒಂದೂ ನವೋದಯ ನಡೀತಿಲ್ಲ.

ಧಾರವಾಡದ ಮಳೆ

ಎಲ್ಲರೂ ಸೀಟು ಸಿಗೋದರ ಬಗ್ಗೆ ಹೇಳ್ತಿದ್ದೀರಿ. ನಾನು ಸಿಕ್ಕ ಮೇಲಿನದು ಹೇಳ್ತೀನಿ.

ನನ್ನ ಮಗಳಿಗೆ ಸಿಕ್ಕಿತ್ತು. ಟ್ರಂಕಿಗೆ ಹೆಸರು ಬರೆಸಿ, ಬೀಗ ಹಾಕಿ, ಎರಡು ಕೀಲಿಯಲ್ಲಿ ಒಂದನ್ನ ಅವಳ ಕೊರಳ ದಾರಕ್ಕೆ ಕಟ್ಟಿ ಬಿಟ್ಟು ಬಂದೆ. ಇನ್ನೊಂದು ನನ್ನ ಪರ್ಸಿನಲ್ಲಿ. ಮೊದಲ ತಿಂಗಳು ಭೇಟಿಗೆ ಹೋದಾಗ ಅತ್ತಳು, ಎಲ್ಲರೂ ಅಳ್ತಾರೆ ಎಂದರು. ಎರಡನೇ ತಿಂಗಳು ಅಳಲಿಲ್ಲ, ಮಾತೂ ಆಡಲಿಲ್ಲ. ತಂದಿದ್ದ ಚಕ್ಕುಲಿ ಡಬ್ಬಿ ತೆರೆಯಲೂ ಇಲ್ಲ. ತಲೆಗೂದಲು ಬಾಚಲು ಹೋದರೆ ಹೇನು, ಗಂಟು, ಒಗೆಯದ ಬಟ್ಟೆಯ ಗಂಟೊಂದು ಮಂಚದ ಕೆಳಗೆ. ಅವಳಿಗೆ ಬಟ್ಟೆ ಹಿಂಡೋಕೆ ಕೈಯಲ್ಲಿ ಶಕ್ತಿ ಇರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಮೂರನೇ ತಿಂಗಳು ಕರೆತಂದೆ. ಆ ಶಾಲೆಯದು ತಪ್ಪು ಅನ್ನಲಾರೆ, ಅಲ್ಲಿ ಎಷ್ಟೋ ಮಕ್ಕಳು ಚೆನ್ನಾಗಿದ್ದರು. ನನ್ನ ತಪ್ಪು ಏನಂದ್ರೆ, ಗಣಿತ ಕಲಿಸಿದೆ, ಬಟ್ಟೆ ಒಗೆಯೋದು ಕಲಿಸಲಿಲ್ಲ. ಆ ಕೀಲಿ ಇನ್ನೂ ಪರ್ಸಿನಲ್ಲೇ ಇದೆ.

ಹಳೇ ಟ್ರಂಕು

ಅಕ್ಕಾ, ಓದಿ ಮನಸ್ಸು ಭಾರ ಆಯ್ತು. ನಾನೂ ಮೊದಲ ವರ್ಷ ಎರಡು ಸಲ ಗೇಟಿನ ತನಕ ಓಡಿದ್ದೆ. ಕಾವಲುಗಾರ ಹಿಡಿದು ಬೀಡಿ ಸೇದುತ್ತಾ ಪಕ್ಕದಲ್ಲಿ ಕೂರಿಸಿಕೊಂಡು, ಬಯ್ಯದೆ ವಾಪಸ್ ಕಳಿಸಿದ. ಒಗ್ಗಿದ್ದು ಯಾವಾಗ ಅಂತ ನೆನಪಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಉತ್ತರ ಪ್ರದೇಶಕ್ಕೆ ಹಾಕಿದರು. ಅದನ್ನ ಮೈಗ್ರೇಷನ್ ಅಂತಾರೆ, ಒಂಬತ್ತನೇ ಕ್ಲಾಸಿನ ನೂರಕ್ಕೆ ಮೂವತ್ತು ಮಕ್ಕಳನ್ನ ಹಿಂದಿ ರಾಜ್ಯಕ್ಕೂ ಹಿಂದಿಯಲ್ಲದ ರಾಜ್ಯಕ್ಕೂ ಒಂದು ವರ್ಷ ಅದಲುಬದಲು ಮಾಡೋದು. ಹೋಗುವಾಗ ಅಮ್ಮ ಅತ್ತಿದ್ದೇ ಅತ್ತಿದ್ದು. ಅಲ್ಲಿ ಜನವರಿಯಲ್ಲಿ ಬಕೆಟ್ ನೀರು ಮುಟ್ಟಿದರೆ ಕೈ ಮರಗಟ್ಟೋದು. ಅವರಿಗೆ ಅನ್ನ ಬೇಡ, ನಮಗೆ ರೊಟ್ಟಿ ಬೇಡ, ತಟ್ಟೆ ಬದಲಾಯಿಸಿಕೊಂಡೇ ಸ್ನೇಹ ಆಗಿದ್ದು. ಇವತ್ತಿಗೂ ಆ ಊರಿನ ಇಬ್ಬರು ದೀಪಾವಳಿಗೆ ಫೋನ್ ಮಾಡ್ತಾರೆ.

ಮಗುವನ್ನೇ ಕೇಳಿ ಅಕ್ಕಾ. ಕೇಳೋ ಮೊದಲು ಒಂದು ಸಲ ಗಾಜನೂರಿಗೆ ಕರ್ಕೊಂಡು ಹೋಗಿ ಬನ್ನಿ. ನಿಮ್ಮ ಜಿಲ್ಲೆಯ ನವೋದಯ ಅಲ್ಲೇ, ತುಂಗಾ ಡ್ಯಾಮಿನ ಹತ್ತಿರ.

ನಲಿಕಲಿ ಮೇಷ್ಟ್ರು

ತಾಯಿ, ನಗರದ ಅಭ್ಯರ್ಥಿ ಆದರೂ ಅರ್ಜಿ ಹಾಕಿ. ಬಾಗಿಲು ಮುಚ್ಚಿಲ್ಲ, ಕಿರಿದಾಗಿದೆ ಅಷ್ಟೇ. ಕಳೆದ ಸಲ ಜೂನ್ ಹೊತ್ತಿಗೆ ಅರ್ಜಿ ಶುರುವಾಗಿತ್ತು, ಪರೀಕ್ಷೆ ಡಿಸೆಂಬರ್ 13ಕ್ಕೆ. ಅದರ ಹಿಂದಿನ ಸಲ ಜನವರಿ 18. ಒಬಿಸಿ ಆಗಿದ್ದರೆ ನಮ್ಮ ರಾಜ್ಯದ 2ಎ, 3ಬಿ ಸರ್ಟಿಫಿಕೇಟ್ ನಡೆಯೋದಿಲ್ಲ, ಕೇಂದ್ರದ ಪಟ್ಟಿಯದ್ದೇ ಬೇಕು. ನಾಡಕಚೇರಿಯಲ್ಲಿ ಈಗಲೇ ಕೇಳಿ, ಕೊನೆ ಗಳಿಗೆಯಲ್ಲಿ ಸರ್ವರ್ ಇಲ್ಲ ಅಂತಾರೆ.

ಜೊತೆಗೆ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಯೂ ಐದನೇ ಕ್ಲಾಸಿನಲ್ಲೇ. ಹಾಸ್ಟೆಲ್ ಬೇಡ ಅನ್ನಿಸಿದರೆ ಆದರ್ಶ ವಿದ್ಯಾಲಯ ನೋಡಿ. ಅದಕ್ಕೂ ಆರನೇ ಕ್ಲಾಸಿಗೆ ಪ್ರವೇಶ ಪರೀಕ್ಷೆ ಇದೆ, ಆದರೆ ಸಂಜೆ ಮನೆಗೆ ಬರಬಹುದು. ಸರ್ಜಾಪುರದವರು ಕೇಳಿದ್ದಕ್ಕೆ ನಮ್ಮಲ್ಲಿ ಹತ್ತಿರದ್ದು ಅಂದರೆ ಅದೇ.

ಯಾವುದೂ ಆಗದೆ ಊರ ಶಾಲೆಯಲ್ಲೇ ಉಳಿದರೆ ಎಂಟನೇ ಕ್ಲಾಸಿನಲ್ಲಿ ಎನ್‌ಎಂಎಂಎಸ್ ಬರೆಸಿ. ಅದು ಸ್ಕಾಲರ್‌ಶಿಪ್ ಪರೀಕ್ಷೆ, ಮನೆ ವರಮಾನ ಮೂರೂವರೆ ಲಕ್ಷದ ಒಳಗಿರಬೇಕು. ಪಾಸಾದರೆ ಒಂಬತ್ತರಿಂದ ಪಿಯುಸಿ ಮುಗಿಯೋ ತನಕ ವರ್ಷಕ್ಕೆ 12,000 ರೂಪಾಯಿ. ನವೋದಯದ ಮಕ್ಕಳಿಗೆ ಅದು ಸಿಗೋದಿಲ್ಲ. ಅಲ್ಲಿಯೂ ಅರ್ಧ ಪೇಪರು ಇದೇ ಬುದ್ಧಿಗೆ ಕೆಲಸ ಕೊಡುವ ಪ್ರಶ್ನೆಗಳು. ಈಗ ಮಡಚಿದ ಕ್ಯಾಲೆಂಡರ್ ಹಾಳೆ ಆಗಲೂ ಕೆಲಸಕ್ಕೆ ಬರುತ್ತೆ. ಒಂಬತ್ತಕ್ಕೆ ನವೋದಯದಲ್ಲಿ ಖಾಲಿ ಬಿದ್ದ ಸೀಟಿಗೆ ಇನ್ನೊಂದು ಪರೀಕ್ಷೆ ನಡೆಯುತ್ತೆ, ಅದರಲ್ಲಿ ಮಾತ್ರ ಹಿಂದಿ, ಇಂಗ್ಲಿಷ್, ವಿಜ್ಞಾನ ಎಲ್ಲ ಇದೆ.

ಹೊಸನಗರದ ಅಮ್ಮ

ಎಲ್ಲರಿಗೂ ಉತ್ತರ ಕೊಡೋಕೆ ತಡ ಆಯ್ತು, ಮನೆಯಲ್ಲಿ ಸುಲಿತ ಮುಗಿಯೋ ತನಕ ಬಿಡುವಿರಲಿಲ್ಲ.

ಟಿಸಿ ತೆಗೆದು ನೋಡಿದೆ. ಕಾನ್ವೆಂಟಿನಲ್ಲಿ 47 ದಿನ. ಹೆಡ್‌ಮಾಸ್ಟರ್ ಹತ್ರ ಹೋಗಿ ಎಸ್‌ಎಟಿಎಸ್ ತೆಗೆಸಿದೆ, ಅಲ್ಲೂ ಹಾಗೇ ಇದೆ. ಅವರೂ ಬೇಜಾರು ಮಾಡಿಕೊಂಡರು.

ಭಾನುವಾರ ಗಾಜನೂರಿಗೆ ಹೋಗಿದ್ದೆವು. ಗೇಟಿನ ಹೊರಗಿಂದಲೇ ನೋಡಿದ್ದು. ಹುಡುಗಿಯರು ಬಕೆಟ್ ಹಿಡಿದು ಹೋಗ್ತಿದ್ದರು. ಇವಳು ಬಹಳ ಹೊತ್ತು ನೋಡಿ, "ಅಮ್ಮಾ, ಅವರಿಗೆ ಬಿಸಿನೀರು ಯಾರು ಕಾಯಿಸ್ತಾರೆ?" ಎಂದಳು. ಬರೀತೀನಿ ಅಂತಾನೂ ಹೇಳಿದಳು. ಅಪ್ಪನ ಹತ್ರ ಅವಳೇ ಮಾತಾಡಿದಾಳೆ. ಅವರು ಪರೀಕ್ಷೆ ಬರೀಲಿ, ಸಿಕ್ಕರೆ ಆಮೇಲೆ ನೋಡೋಣ ಅನ್ನೋ ತನಕ ಬಂದಿದಾರೆ. ಅತ್ತೆ ಇನ್ನೂ ಮುಖ ಊದಿಸಿಕೊಂಡೇ ಇದಾರೆ. ಈ ವಾರದಿಂದ ಅವಳ ಯೂನಿಫಾರ್ಮ್ ಅವಳೇ ಒಗೆದುಕೊಳ್ತಿದಾಳೆ. ಧಾರವಾಡದ ಅಕ್ಕನಿಗೆ ಇದನ್ನ ಹೇಳಬೇಕಿತ್ತು. ಕ್ಯಾಲೆಂಡರ್ ಹಾಳೆ ನಿನ್ನೆಯಿಂದ ಶುರು, ತೂತಿನ ಜಾಗ ಟೀಚರ್ ಹೇಳಿದ ಹಾಗೇ ತಪ್ಪುತ್ತಿದೆ.

ಇನ್ನೊಂದು ವಿಷಯ. ಇವಳ ತಮ್ಮ ಈಗ ಎರಡನೇ ಕ್ಲಾಸು, ಊರ ಶಾಲೆಯಲ್ಲೇ. ಮೂರಕ್ಕೆ ಅವನನ್ನೂ ಪೇಟೆ ಕಾನ್ವೆಂಟಿಗೆ ಹಾಕೋಣ ಅಂತ ಮಾತಾಗಿತ್ತು, ಅವನಿಗೆ ವ್ಯಾನಿನಲ್ಲಿ ವಾಂತಿ ಬರಲ್ಲ. ಮುಂಗಡ ದುಡ್ಡು ಕಟ್ಟೋದು ಈ ಶನಿವಾರ ಅಂತ ಇತ್ತು. ಬೇಡ ಅಂತ ಫೋನ್ ಮಾಡಿ ಹೇಳಿದೀನಿ.